ಮೂರು ಸಾಲಿನ ಚೀಟಿ: ಪಿಸಿಓಎಸ್ ಚಿಕಿತ್ಸೆ ತೀರ್ಮಾನವಾದ ಒಂದು ಪ್ರಕರಣ

ಆಕೆ ಬಂದಾಗ ಕೈಯಲ್ಲಿ ಒಂದು ಸ್ಕ್ಯಾನಿಂಗ್ ವರದಿ ಇತ್ತು, ರಕ್ತಪರೀಕ್ಷೆಯ ನಾಲ್ಕು ಹಾಳೆ ಇತ್ತು. ಕುಳಿತುಕೊಳ್ಳುವ ಮೊದಲೇ ಪ್ರಶ್ನೆ ಬಂತು. "ಮೇಡಂ, ಇದಕ್ಕೆ ಯಾವ ಮಾತ್ರೆ?"

ವಯಸ್ಸು 28. ಮದುವೆಯಾಗಿ ಎರಡು ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮೊದಲ ಮುಟ್ಟು 13ನೇ ವಯಸ್ಸಿಗೆ. 22ರವರೆಗೆ ತಿಂಗಳು ತಿಂಗಳೂ ಸರಿಯಾಗಿ ಆಗುತ್ತಿತ್ತು. ಆಮೇಲೆ ದಿನ ಹಿಂದೆಮುಂದೆ ಆಗಲು ಶುರುವಾಯಿತು. ಕಳೆದ ವರ್ಷ ಆದದ್ದು ಐದೇ ಸಲ. ನನ್ನ ಮುಂದೆ ಕುಳಿತ ದಿನಕ್ಕೆ ಕೊನೆಯ ಮುಟ್ಟಾಗಿ 104 ದಿನ ಕಳೆದಿತ್ತು. ಎತ್ತರ 158 ಸೆಂಟಿಮೀಟರ್, ತೂಕ 68 ಕಿಲೋ, ಸೊಂಟದ ಸುತ್ತಳತೆ 89 ಸೆಂಟಿಮೀಟರ್, ಬಿಪಿ 124/78. ಕುತ್ತಿಗೆಯ ಹಿಂಭಾಗ ತುಸು ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗಿತ್ತು. ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುತ್ತಿಲ್ಲ ಎಂಬುದಕ್ಕೆ ಇದೊಂದು ಗುರುತು. ತಿಕ್ಕಿ ತೊಳೆದರೆ ಹೋಗುವ ಕೊಳೆ ಅಲ್ಲ. ಆಕೆ ಎಷ್ಟೋ ವರ್ಷ ತಿಕ್ಕಿದ್ದಳು.

ಸ್ಕ್ಯಾನಿಂಗ್ ವರದಿಯಲ್ಲಿ ಎಡ ಅಂಡಾಶಯದಲ್ಲಿ 24 ಫಾಲಿಕಲ್ (ಅಂಡಾಣು ಬೆಳೆಯುವ ಪುಟ್ಟ ಚೀಲ), ಬಲದಲ್ಲಿ 22 ಎಂದಿತ್ತು. ಎರಡೂ ಅಂಡಾಶಯ 10 ಮಿಲಿಲೀಟರಿಗಿಂತ ದೊಡ್ಡದಾಗಿದ್ದವು. ಗರ್ಭಕೋಶದ ಒಳಪದರ 13 ಮಿಲಿಮೀಟರ್. ಕೆಳಗೆ ದಪ್ಪ ಅಕ್ಷರದಲ್ಲಿ 'ಪಿಸಿಓಡಿ' ಎಂದು ಬರೆದಿತ್ತು. ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನು ತೊಂದರೆಗೆ ಜನ ಹೇಳುವ ಇನ್ನೊಂದು ಹೆಸರು ಅದು. ಆಕೆ ಓದಿಕೊಂಡು ಬಂದದ್ದು ಆ ಒಂದೇ ಪದವನ್ನು. ನಾನು ಮೊದಲು ನೋಡಿದ್ದು ಆ 13ನ್ನು.

"ಇಷ್ಟೊಂದು ಗುಳ್ಳೆ ಇದೆಯಲ್ಲ, ಆಪರೇಷನ್ ಮಾಡಿ ತೆಗೀಬೇಕಾ?"

ಈ ಪ್ರಶ್ನೆ ವಾರಕ್ಕೊಂದು ಸಲವಾದರೂ ಬರುತ್ತದೆ. ತಪ್ಪು ಕೇಳುವವರದ್ದಲ್ಲ, ಕಾಯಿಲೆಗೆ ಇಟ್ಟ ಹೆಸರಿನದ್ದು. 1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ಬಗ್ಗೆ ಬರೆದರು. ಮುಟ್ಟು ನಿಂತಿದೆ, ಅಂಡಾಶಯ ದೊಡ್ಡದಾಗಿದೆ, ಒಳಗೆ ಸಾಲುಸಾಲಾಗಿ ಗುಳ್ಳೆಗಳಿವೆ ಎಂದು. ಅವರು ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆದರು. ಮುಟ್ಟು ಮತ್ತೆ ಶುರುವಾಯಿತು. ಅಲ್ಲಿಂದ 'ಗುಳ್ಳೆ ತೆಗೆದರೆ ಗುಣ' ಎಂಬ ಭಾವನೆ ಜನರ ತಲೆಯಲ್ಲಿ ಉಳಿದುಬಿಟ್ಟಿತು. ನಿಜಕ್ಕೂ ಅವು ರೋಗದ ಗುಳ್ಳೆಗಳೇ ಅಲ್ಲ. ಬೆಳೆಯಲು ಶುರು ಮಾಡಿ ಅರ್ಧಕ್ಕೇ ನಿಂತುಹೋದ ಫಾಲಿಕಲ್‌ಗಳು. ಒಂದೊಂದರಲ್ಲೂ ಒಂದು ಅಂಡಾಣು ಇರುತ್ತದೆ. ಅಳತೆ 2ರಿಂದ 9 ಮಿಲಿಮೀಟರ್. ತೆಗೆದುಹಾಕಲು ಅಲ್ಲಿ ಏನೂ ಇಲ್ಲ ಎಂದೆ. ಆಕೆಯ ಭುಜ ಸ್ವಲ್ಪ ಸಡಿಲವಾಯಿತು.

ಹೆಸರಿಡುವ ಮೊದಲು

ಸ್ಕ್ಯಾನಿಂಗ್ ಒಂದನ್ನೇ ನೋಡಿ ಪಿಸಿಓಎಸ್ ಎನ್ನುವಂತಿಲ್ಲ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಮೂರು ಲಕ್ಷಣ ಗೊತ್ತುಮಾಡಿದರು. ಮುಟ್ಟು ಏರುಪೇರಾಗುವುದು, ಗಂಡು ಹಾರ್ಮೋನು ಜಾಸ್ತಿಯಾದ ಗುರುತು ಮೈಮೇಲೋ ರಕ್ತದಲ್ಲೋ ಕಾಣುವುದು, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯ ಹಾಗೆ ಕಾಣುವುದು. ಮೂರರಲ್ಲಿ ಎರಡು ಇರಬೇಕು. ಇದೇ ತೊಂದರೆ ಕೊಡುವ ಬೇರೆ ಕಾಯಿಲೆ ಇಲ್ಲ ಎಂದೂ ಖಾತ್ರಿಯಾಗಬೇಕು. ಆಗ ಅಂಡಾಶಯದಲ್ಲಿ 12 ಫಾಲಿಕಲ್ ಕಂಡರೆ ಸಾಕು ಎಂದಿದ್ದರು. ಯಂತ್ರಗಳು ಚೆನ್ನಾದ ಮೇಲೆ ಅದನ್ನು 20ಕ್ಕೆ ಏರಿಸಿದರು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ದೊಡ್ಡವರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ (ಫಾಲಿಕಲ್‌ಗಳಿಂದ ಬರುವ ಒಂದು ಹಾರ್ಮೋನು) ರಕ್ತಪರೀಕ್ಷೆಯನ್ನೂ ಬಳಸಬಹುದು. ಎರಡೂ ಬೇಕಿಲ್ಲ. ಈಕೆಗೆ ಎರಡೂ ಆಗಿತ್ತು. ಜೊತೆಗೆ ಈಗ ರೋಗ ಗುರುತಿಸಲು ಬೇಕೇ ಇಲ್ಲದ, ಅಂಡಾಶಯವನ್ನು ನಡೆಸುವ ಎರಡು ಹಾರ್ಮೋನುಗಳ ಎಲ್‌ಎಚ್-ಎಫ್‌ಎಸ್‌ಎಚ್ ಲೆಕ್ಕವೂ ಆಗಿತ್ತು. ಇರಲಿ ಬಿಡಿ.

ಆ ನಾಲ್ಕು ಹಾಳೆಯಲ್ಲಿ ಒಂದು ಕಡೆ ನಾನು ಎಡವಿದೆ. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು ಟಿಎಸ್‌ಎಚ್ 0.2 ಇತ್ತು, ತುಂಬಾ ಕಡಿಮೆ. ಥೈರಾಯ್ಡ್ ತಯಾರಿಸುವ ಫ್ರೀ ಟಿ4 ಜಾಸ್ತಿ. ಗಂಡು ಹಾರ್ಮೋನು ಟೆಸ್ಟೊಸ್ಟಿರಾನ್ ಮೇಲಿನ ಮಿತಿಯ ಎರಡು ಪಟ್ಟು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆ, ಆ ಕಡೆಗೇ ಹೊರಟೆ. ಆದರೆ ನಾಡಿ 74. ಕೈ ನಡುಗುತ್ತಿರಲಿಲ್ಲ, ತೂಕ ಇಳಿದಿರಲಿಲ್ಲ, ಬೆವರು, ಎದೆಬಡಿತ ಏನೂ ಇಲ್ಲ. ಕಾಗದ ಒಂದು ಹೇಳುತ್ತಿದೆ, ಮೈ ಇನ್ನೊಂದು ಹೇಳುತ್ತಿದೆ. ಇಂಥ ಕಡೆ ಮೈಯನ್ನೇ ನಂಬಬೇಕು.

"ಬೇರೆ ಏನಾದರೂ ಮಾತ್ರೆ ತಗೋತೀರಾ?"

"ಇಲ್ಲ ಮೇಡಂ." ಸ್ವಲ್ಪ ಹೊತ್ತು ಬಿಟ್ಟು, "ಕೂದಲಿಗೆ ಒಂದು ವಿಟಮಿನ್ ಅಷ್ಟೇ."

ಆ ವಿಟಮಿನ್ ಬಯೋಟಿನ್. ದಿನಕ್ಕೆ 10 ಮಿಲಿಗ್ರಾಂ. ಹಲವು ಲ್ಯಾಬ್‌ಗಳ ಹಾರ್ಮೋನು ಪರೀಕ್ಷೆ ನಡೆಯುವುದೇ ಬಯೋಟಿನ್ ಅಂಟಿಕೊಳ್ಳುವ ಒಂದು ವಿಧಾನದಲ್ಲಿ. ರಕ್ತದಲ್ಲೇ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಮತ್ತು ಟೆಸ್ಟೊಸ್ಟಿರಾನ್ ಇರುವುದಕ್ಕಿಂತ ಜಾಸ್ತಿ ಬರಬಹುದು. ಕೂದಲು ಉದುರುತ್ತದೆಂದು ತಗೊಂಡ ವಿಟಮಿನ್ನೇ ಇಲ್ಲದ ಕಾಯಿಲೆಯನ್ನು ಕಾಗದದ ಮೇಲೆ ತಂದಿತ್ತು. ಒಂದು ವಾರ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಲು ಹೇಳಿದೆ. ಟಿಎಸ್‌ಎಚ್ 2.1 ಬಂತು. ಟೆಸ್ಟೊಸ್ಟಿರಾನ್ ಮಿತಿಗಿಂತ ಸ್ವಲ್ಪವೇ ಮೇಲೆ. ಜಾಸ್ತಿಯಾದರೆ ಮುಟ್ಟು ತಪ್ಪಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಸರಿ ಇತ್ತು. ಅಡ್ರಿನಲ್ ಗ್ರಂಥಿಯ ಹುಟ್ಟು ತೊಂದರೆಯನ್ನು ಹುಡುಕುವ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ ಕೂಡ ಸರಿ ಇತ್ತು. ಮುಖದ ಕೂದಲು ನಾಲ್ಕೈದು ವರ್ಷಗಳಿಂದ ನಿಧಾನವಾಗಿ ಬಂದದ್ದು. ಕೆಲವೇ ತಿಂಗಳಲ್ಲಿ ಒಮ್ಮೆಲೇ ಬಂದಿದ್ದರೆ, ದನಿ ಗಡುಸಾಗಿದ್ದರೆ, ಗೆಡ್ಡೆ ಏನಾದರೂ ಇದೆಯೇ ಎಂದು ಹುಡುಕಬೇಕಾಗುತ್ತಿತ್ತು. ಹಾಗಿರಲಿಲ್ಲ.

ಪಿಸಿಓಎಸ್ ಎಂಬುದು ಈಗ ಖಚಿತವಾಯಿತು. ಮೂರಕ್ಕೆ ಮೂರೂ ಲಕ್ಷಣ ಇದ್ದವು.

ಆಕೆಯ ಪಟ್ಟಿ, ನನ್ನ ಪಟ್ಟಿ

ಇದೆಲ್ಲ ಆಗುವ ಮೊದಲು, ಆ ಮೊದಲ ದಿನವೇ, ಒಂದು ಖಾಲಿ ಚೀಟಿ ಕೊಟ್ಟಿದ್ದೆ. "ನಿಮಗೆ ತುಂಬಾ ಕಾಡ್ತಿರೋದು ಏನು? ಮೂರು ಬರೀರಿ. ಜಾಸ್ತಿ ಕಾಡೋದು ಮೇಲೆ."

ಆಕೆ ಯೋಚಿಸದೆ ಬರೆದಳು. ಒಂದು, ಗಲ್ಲದ ಕೂದಲು. ಎರಡು, ತಲೆಕೂದಲು ಉದುರುವುದು. ಮೂರನೆಯದಕ್ಕೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ, 'ಮುಂದೆ ಮಗು ಆಗುತ್ತಾ?'

ನನ್ನ ಮನಸ್ಸಿನಲ್ಲಿ ಓಡುತ್ತಿದ್ದ ಪಟ್ಟಿಯೇ ಬೇರೆ. 104 ದಿನ ಆಗಿದೆ, ಬಸಿರೇನಾದರೂ ಇದೆಯಾ? ಇಲ್ಲದಿದ್ದರೆ ಒಳಪದರ ಏನಾಗಿದೆ? ಸಕ್ಕರೆ ಎಷ್ಟಿದೆ? ಗಲ್ಲದ ಕೂದಲು ನನ್ನ ಪಟ್ಟಿಯಲ್ಲಿ ಕೊನೆಗೆಲ್ಲೋ ಇತ್ತು. ಆಕೆಯ ಪಟ್ಟಿಯಲ್ಲಿ ಮುಟ್ಟಿನ ಮಾತೇ ಇರಲಿಲ್ಲ.

ಕೇಳಿದೆ. ನಕ್ಕಳು. "ಮುಟ್ಟಾಗದಿದ್ದರೆ ಆರಾಮೇ ಅಲ್ವಾ ಮೇಡಂ?"

ಈ ಮಾತಿಗೆ ಸಮಾಧಾನವಾಗಿ ಉತ್ತರ ಕೊಡಬೇಕು. ಹೆದರಿಸಬಾರದು. ತಿಂಗಳ ಮೊದಲ ಅರ್ಧದಲ್ಲಿ ಈಸ್ಟ್ರೋಜನ್ ಒಳಪದರವನ್ನು ಬೆಳೆಸುತ್ತದೆ. ಅಂಡಾಣು ಹೊರಬಂದ ಮೇಲೆ ಪ್ರೊಜೆಸ್ಟರಾನ್ ಬಂದು ಆ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಅದು ಇಳಿದಾಗ ಪದರ ಉದುರಿ ಮುಟ್ಟಾಗುತ್ತದೆ. ಅಂಡಾಣು ಹೊರಬರದಿದ್ದರೆ ಪ್ರೊಜೆಸ್ಟರಾನ್ ಬರುವುದಿಲ್ಲ. ಗೊಬ್ಬರ ಬೀಳುತ್ತಲೇ ಇದೆ, ಕೊಯ್ಯಲು ಯಾರೂ ಬರುತ್ತಿಲ್ಲ, ಹೊಲ ಬೆಳೆಯುತ್ತಲೇ ಇದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಪದರ ಅಡ್ಡಾದಿಡ್ಡಿ ಬೆಳೆದು, ಮುಂದೊಂದು ದಿನ ಗರ್ಭಕೋಶದ ಕ್ಯಾನ್ಸರ್‌ಗೆ ದಾರಿಯಾಗಬಹುದು. ಪಿಸಿಓಎಸ್ ಇರುವವರಲ್ಲಿ ಈ ಅಪಾಯ ಬೇರೆಯವರಿಗಿಂತ ಹೆಚ್ಚು. ಆದರೂ ಆಗುವುದು ಕೆಲವೇ ಜನರಿಗೆ. ತಡೆಯುವುದೂ ಸುಲಭ. ಹಾರ್ಮೋನು ಮಾತ್ರೆಯಿಂದಲೋ ಸಾಧನದಿಂದಲೋ ಮುಟ್ಟು ನಿಂತರೆ ಆ ಮಾತು ಬೇರೆ. ಅಲ್ಲಿ ಪದರ ಬೆಳೆಯುವುದೇ ಇಲ್ಲ, ಹಾಗಾಗಿ ಉದುರಬೇಕಾಗಿಯೂ ಇಲ್ಲ.

ಬಸಿರು ಪರೀಕ್ಷೆ ಮಾಡಿಸಿದೆ. ಇಲ್ಲ ಎಂದು ಬಂತು. 'ಪಿಸಿಓಎಸ್ ಇದೆಯಲ್ಲ, ಮುಟ್ಟು ತಡವಾಗೋದು ಮಾಮೂಲು' ಎಂದು ಈ ಪರೀಕ್ಷೆಯನ್ನು ಬಿಡಬಾರದು. ಪಿಸಿಓಎಸ್ ಇದ್ದರೆ ಅಂಡಾಣು ಅಪರೂಪಕ್ಕೆ ಹೊರಬರುತ್ತದೆ. ಅಪರೂಪಕ್ಕೆ ಎಂದರೆ ಯಾವಾಗ ಎಂದು ಗೊತ್ತಿಲ್ಲ ಎಂದು ಅರ್ಥ, ಇಲ್ಲವೇ ಇಲ್ಲ ಎಂದಲ್ಲ. ಆಮೇಲೆ ಪ್ರೊಜೆಸ್ಟರಾನ್‌ನ ಕೆಲಸ ಮಾಡುವ ಪ್ರೊಜೆಸ್ಟಿನ್ ಮಾತ್ರೆ, ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿಲಿಗ್ರಾಂ, ಹತ್ತು ದಿನ. ಮಾತ್ರೆ ನಿಲ್ಲಿಸಿದ ನಾಲ್ಕನೇ ದಿನ ಮುಟ್ಟಾಯಿತು. ನಿಂತ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ಪದರ 5 ಮಿಲಿಮೀಟರ್. ತೆಳ್ಳಗಾಗದಿದ್ದರೆ, ಅಥವಾ ಮಧ್ಯೆಮಧ್ಯೆ ರಕ್ತ ಕಾಣುತ್ತಿದ್ದರೆ, ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದೆ.

ಸಕ್ಕರೆಯ ಲೆಕ್ಕದಲ್ಲೂ ಒಂದು ಪಾಠವಿತ್ತು. ಖಾಲಿ ಹೊಟ್ಟೆಯಲ್ಲಿ 96. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 5.6. ಎರಡೂ ಸರಿಯಾಗಿವೆ ಎನ್ನಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ 158. ಅದು 140ರ ಒಳಗಿರಬೇಕು. 200 ದಾಟಿದರೆ ಸಕ್ಕರೆ ಕಾಯಿಲೆ. ಈಕೆ ನಡುವೆ ನಿಂತಿದ್ದಳು. ಪಿಸಿಓಎಸ್‌ನಲ್ಲಿ ಈ ಎರಡು ಗಂಟೆಯ ಪರೀಕ್ಷೆಯನ್ನೇ ಮಾಡಿ ಎನ್ನುವುದು ಇದಕ್ಕೇ. ಕೂತು ಕಾಯುವುದು ಬೇಜಾರು ಎಂದು ಜನ ತಪ್ಪಿಸಿಕೊಳ್ಳುತ್ತಾರೆ. ನಾವೂ ಸುಮ್ನೆ ಬಿಟ್ಟುಬಿಡುತ್ತೇವೆ.

ಹರಿದ ಚೀಟಿ

ಎಲ್ಲ ವರದಿ ಬಂದ ದಿನ ನಾನು ಕಾಂಬೈನ್ಡ್ ಮಾತ್ರೆ ಬರೆದೆ. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇರುವ ಸಾಮಾನ್ಯ ಗರ್ಭನಿರೋಧಕ ಮಾತ್ರೆ. ಮಗು ಈಗ ಬೇಡ ಎನ್ನುವವರಿಗೆ, ಮುಟ್ಟೂ ಮುಖದ ಕೂದಲೂ ಎರಡೂ ಕಾಡುತ್ತಿದ್ದರೆ, ಇದೇ ಮೊದಲ ಆಯ್ಕೆ. ಒಳಪದರವನ್ನು ಕಾಯುತ್ತದೆ. ಅಂಡಾಶಯ ಗಂಡು ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ರಕ್ತದಲ್ಲಿ ಓಡಾಡುವ ಟೆಸ್ಟೊಸ್ಟಿರಾನ್ ಅನ್ನು ಹಿಡಿದಿಡುವ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಬಸಿರನ್ನೂ ತಡೆಯುತ್ತದೆ. ಒಂದು ಮಾತ್ರೆ, ನಾಲ್ಕು ಕೆಲಸ.

ಬರೆಯುವ ಮೊದಲು ಕೇಳಬೇಕಾದದ್ದನ್ನು ಕೇಳಿದ್ದೆ. ಸಿಗರೇಟು ಇಲ್ಲ. ಬಿಪಿ ಇಲ್ಲ. ಮನೆಯಲ್ಲಿ ಯಾರಿಗೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ. "ತಲೆನೋವು?" "ಎಲ್ಲರಿಗೂ ಬರೋ ಥರ ಯಾವಾಗಲಾದರೊಮ್ಮೆ." ಮುಂದಕ್ಕೆ ಹೋದೆ. ಅದು ನನ್ನ ತಪ್ಪು. ತಲೆನೋವು ಬರುತ್ತಾ ಎಂದು ಕೇಳಿದರೆ ಬರುವುದು ಇಂಥದ್ದೇ ಉತ್ತರ. ಹೇಗೆ ಬರುತ್ತೆ ಎಂದು ಕೇಳಬೇಕಿತ್ತು.

ಆಕೆ ಚೀಟಿ ಮಡಚಿಕೊಂಡು ಬಾಗಿಲವರೆಗೆ ಹೋದಳು. ತಿರುಗಿ ನಿಂತು, "ಈ ಮಾತ್ರೆ ತಗೊಂಡ್ರೆ ಕಣ್ಣಿಗೇನೂ ಆಗಲ್ಲ ಅಲ್ವಾ?" ಅಂದಳು.

"ಕಣ್ಣಿಗೆ ಏನಾಗಿದೆ?"

"ಏನಿಲ್ಲ. ತಲೆನೋವು ಬರೋ ಮುಂಚೆ ಕಣ್ಣ ಮುಂದೆ ಬೆಳಕು ಅಂಕುಡೊಂಕಾಗಿ ಹರಿಯುತ್ತೆ. ಹಾವು ಹರಿದ ಹಾಗೆ. ಒಂದು ಇಪ್ಪತ್ತು ನಿಮಿಷ ಪುಸ್ತಕದ ಅಕ್ಷರ ಅರ್ಧ ಕಾಣಲ್ಲ. ಆಮೇಲೆ ಒಂದು ಕಡೆ ತಲೆ ಸಿಡಿಯುತ್ತೆ. ಕಣ್ಣಿನ ಡಾಕ್ಟ್ರು ಕಣ್ಣು ಸರಿ ಇದೆ ಅಂದ್ರು."

ವಾಪಸ್ ಕೂರಿಸಿದೆ. ಚೀಟಿ ಇಸಕೊಂಡು ಹರಿದೆ. ಇದು ಔರಾ ಇರುವ ಮೈಗ್ರೇನ್. ತಲೆನೋವಿಗೆ ಮುಂಚೆ ಹೀಗೆ ಬೆಳಕು ಕಾಣುವುದೇ ಔರಾ. ಇಂಥ ಮೈಗ್ರೇನ್ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ಸ್ವಲ್ಪ ಜಾಸ್ತಿ. ಈಸ್ಟ್ರೋಜನ್ ಇರುವ ಮಾತ್ರೆ ಅದನ್ನು ಇನ್ನೂ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗರ್ಭನಿರೋಧಕ ಪಟ್ಟಿಯಲ್ಲಿ ಇದು ನಾಲ್ಕನೇ ವರ್ಗ, ಅಂದರೆ ಯಾವ ವಯಸ್ಸಿನಲ್ಲೂ ಕೊಡಲೇಬಾರದು. ಆಕೆ ಮುಚ್ಚಿಟ್ಟಿರಲಿಲ್ಲ. ಮುಟ್ಟಿಗೂ ಕಣ್ಣಿನ ಬೆಳಕಿಗೂ ಏನು ಸಂಬಂಧ ಎಂದುಕೊಂಡಿದ್ದಳು, ಅಷ್ಟೇ. ಅಂದಿನಿಂದ ನಾನು ಪ್ರಶ್ನೆ ಬದಲಿಸಿದ್ದೇನೆ. "ತಲೆನೋವಿಗೆ ಮುಂಚೆ ಕಣ್ಣಿಗೆ ಏನಾದರೂ ಕಾಣುತ್ತಾ?"

ಸುಲಭದ ದಾರಿ ಮುಚ್ಚಿತು. ಉಳಿದ ದಾರಿಗಳಲ್ಲಿ ಒಂದೊಂದೂ ಒಂದೊಂದು ಕೆಲಸವನ್ನಷ್ಟೇ ಮಾಡುತ್ತದೆ. ನಿಜವಾಗಿ ತೀರ್ಮಾನ ಮಾಡಬೇಕಾದದ್ದು ಇಲ್ಲಿಂದ ಮುಂದೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆದುಕೊಂಡು ಬನ್ನಿ ಎಂದಿದ್ದೆ. ಬಂದರು. ಮಗುವಿನ ಬಗ್ಗೆ ಕೇಳಿದೆ. ಆಕೆ, "ಈಗ ಬೇಡ. ಒಂದೂವರೆ, ಎರಡು ವರ್ಷ ಬಿಟ್ಟು. ಆದರೆ ಆಗಲ್ಲ ಅಂತ ಆಗಬಾರದು" ಅಂದಳು. ಗಂಡ, "ಮಗು ಆಗಿಬಿಟ್ಟರೆ ಇದು ತಾನಾಗೇ ಸರಿಹೋಗುತ್ತೆ ಅಂತಾರಲ್ಲ ಡಾಕ್ಟ್ರೇ, ಬೇಗ ಮಾಡ್ಕೊಳ್ಳೋದು ಒಳ್ಳೇದಾ?" ಎಂದು ಕೇಳಿದರು. ಸರಿಹೋಗುವುದಿಲ್ಲ. ಹೆರಿಗೆಯಾದ ಮೇಲೆ ಕೆಲವರಿಗೆ ಮುಟ್ಟು ಸ್ವಲ್ಪ ಸರಿಯಾಗಬಹುದು, ಕಾಯಿಲೆ ಹೋಗುವುದಿಲ್ಲ. ಔಷಧಿ ಅಂದುಕೊಂಡು ಮಗು ಮಾಡಿಕೊಳ್ಳಬೇಡಿ ಎಂದೆ, ಸ್ವಲ್ಪ ಗಡುಸಾಗಿಯೇ. ಈಕೆಗೆ 28. ಕಾಯಲು ಸಮಯವಿದೆ. ಬಸಿರಾಗುವ ಮೊದಲು ಸಕ್ಕರೆಯನ್ನು ಇಳಿಸಿಕೊಳ್ಳುವುದಕ್ಕೂ ಅದೇ ಸಮಯ.

ಮೊದಲು ಒಳಪದರದ ಪ್ರಶ್ನೆ. ನಾನು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯನ್ನು ಮುಂದಿಟ್ಟೆ. ಅದರಲ್ಲಿ ಈಸ್ಟ್ರೋಜನ್ ಇಲ್ಲ, ಮೈಗ್ರೇನ್ ಇದ್ದರೂ ಇಡಬಹುದು. ಪದರವನ್ನು ತೆಳ್ಳಗಿಡುತ್ತದೆ, ಬಸಿರನ್ನು ಚೆನ್ನಾಗಿ ತಡೆಯುತ್ತದೆ, ಬೇಡವಾದ ದಿನ ತೆಗೆಯಬಹುದು. ಕಾಪರ್-ಟಿ ಬಸಿರನ್ನು ತಡೆದರೂ ಪದರವನ್ನು ಈ ಥರ ಕಾಯುವುದಿಲ್ಲ. ಕಷ್ಟವನ್ನೂ ಹೇಳಿದೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಚುಕ್ಕೆಚುಕ್ಕೆ ರಕ್ತ ಕಾಣಬಹುದು. ಕೆಲವರಿಗೆ ಮೊಡವೆ ಜಾಸ್ತಿಯಾಗುತ್ತದೆ.

ಮೊಡವೆ ಎಂದ ಕೂಡಲೇ ಆಕೆ ತಲೆಯಾಡಿಸಿದಳು. ಬೇಡ. ನಾನು ಇನ್ನೊಮ್ಮೆ ಹೇಳಿ ನೋಡಿದೆ, ಯಾಕೆಂದರೆ ಅದನ್ನು ಹಾಕಿಸಿಕೊಂಡಿದ್ದರೆ ಗಲ್ಲದ ಕೂದಲಿಗೆ ಸ್ಪೈರನೊಲ್ಯಾಕ್ಟೋನ್ ಕೊಡುವ ದಾರಿಯೂ ತೆರೆಯುತ್ತಿತ್ತು. ಆ ಮಾತ್ರೆ ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಆದರೆ ತಗೊಳ್ಳುವಾಗ ಬಸಿರಾಗಿ ಹೊಟ್ಟೆಯಲ್ಲಿ ಗಂಡು ಮಗುವಿದ್ದರೆ ಅದರ ಜನನಾಂಗ ಸರಿಯಾಗಿ ಬೆಳೆಯದೆ ಹೋಗಬಹುದು. ಹಾಗಾಗಿ ಗಟ್ಟಿಯಾದ ಗರ್ಭನಿರೋಧಕ ಇಲ್ಲದೆ ನಾನು ಬರೆಯುವುದಿಲ್ಲ. ಕಾಂಡೋಮ್ ಒಂದನ್ನೇ ನಂಬಿ ಬರೆಯುವುದು ನನ್ನ ಮಟ್ಟಿಗೆ ಸಾಲದು. ಇದನ್ನೂ ಬಿಡಿಸಿ ಹೇಳಿದೆ. ವಂಕಿ ಇದ್ದರೆ ಆ ಮಾತ್ರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಬ್ಬರೂ ಹೊರಗೆ ಹೋಗಿ ಮಾತಾಡಿಕೊಂಡು ಬಂದರು. "ಎರಡೂ ಬೇಡ ಮೇಡಂ. ಮೈಯೊಳಗೆ ಏನೋ ಇಟ್ಟುಕೊಂಡು, ಅದರಿಂದ ಏನಾಗುತ್ತೋ ಅಂತ ದಿನಾ ಕನ್ನಡಿ ನೋಡೋದು ನನ್ನ ಕೈಲಾಗಲ್ಲ."

ನನ್ನ ಜಾಗದಿಂದ ನೋಡಿದರೆ ವಂಕಿಯೇ ಒಳ್ಳೆಯದಿತ್ತು. ಈಗಲೂ ಹಾಗೇ ಅನಿಸುತ್ತದೆ. ಆದರೆ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಕನ್ನಡಿ ಮುಂದೆ ಚಿಮ್ಮಟ ಹಿಡಿದು ನಿಲ್ಲುವವಳು ನಾನಲ್ಲ. ಕೆಲಸದ ವೀಡಿಯೊ ಕಾಲ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡುತ್ತಿದ್ದಳು, ಕಿಟಕಿ ಬೆಳಕಿನಲ್ಲಿ ಗಂಡನ ಎದುರು ಕೂರುತ್ತಿರಲಿಲ್ಲ ಎಂಬುದು ಆ ದಿನ ತಿಳಿಯಿತು. ಕೂದಲಿನ ಲೆಕ್ಕಕ್ಕೆ ಫೆರಿಮನ್-ಗಾಲ್ವೆ ಎಂಬ ಅಂಕಪಟ್ಟಿ ಇದೆ. ಮೈಯ ಒಂಬತ್ತು ಜಾಗಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 36. ಈಕೆಯದು 9. ಕಾಗದದ ಮೇಲೆ ದೊಡ್ಡ ಅಂಕವಲ್ಲ. ಎರಡು ವಾರದಿಂದ ನಿದ್ದೆ, ಉತ್ಸಾಹ ಹೇಗಿದೆ ಎಂದು ಕೇಳುವ ಪ್ರಶ್ನೆಗಳನ್ನೂ ಕೇಳಿದೆ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಈಕೆಗೆ ಆತಂಕ ಇತ್ತು. ಆಪ್ತಸಮಾಲೋಚಕರ ಬಳಿ ಹೋಗಲು ಒಪ್ಪಿದಳು, ಮೂರು ಸಲ ಹೋಗಿ ಬಂದಳು.

ಒಪ್ಪಿಕೊಂಡ ದಾರಿ

ಕೊನೆಗೆ ನಿಂತದ್ದು ಹೀಗೆ. ಎರಡು ತಿಂಗಳು ಕಾದರೂ ಮುಟ್ಟಾಗದಿದ್ದರೆ ಬಸಿರು ಪರೀಕ್ಷೆ, ಅದು ಇಲ್ಲವೆಂದರೆ ಪ್ರೊಜೆಸ್ಟಿನ್ ಮಾತ್ರೆ 12 ದಿನ. ಸಕ್ಕರೆಗೆ ಮೆಟ್‌ಫಾರ್ಮಿನ್. ಬಸಿರು ತಡೆಯಲು ಕಾಂಡೋಮ್. ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್. ಗಲ್ಲಕ್ಕೆ ಲೇಸರ್.

ಗಲ್ಲವನ್ನು 'ಆಮೇಲೆ ನೋಡೋಣ' ಎಂದು ಬಿಡಲಿಲ್ಲ. ಮೊದಲ ತಿಂಗಳೇ ಚರ್ಮದ ವೈದ್ಯರ ಬಳಿ ಕಳಿಸಿದೆ. ಆಕೆಯ ಚೀಟಿಯಲ್ಲಿ ಅದು ಮೊದಲ ಸಾಲಿನಲ್ಲಿತ್ತು. ಲೇಸರ್ ಕಪ್ಪು, ದಪ್ಪ ಕೂದಲಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗೆ ಹಾರ್ಮೋನು ಹಾಗೇ ಇದ್ದರೆ ಹೊಸ ಕೂದಲು ಬರುತ್ತಲೇ ಇರುತ್ತದೆ, ಆಗಾಗ ಮತ್ತೆ ಮಾಡಿಸಬೇಕಾಗುತ್ತದೆ. ಅಪರೂಪಕ್ಕೆ ಮುಖದಲ್ಲಿ ಲೇಸರ್ ಬಿದ್ದ ಜಾಗದ ಸುತ್ತ ಕೂದಲು ಇನ್ನೂ ಹೆಚ್ಚುವುದೂ ಉಂಟು. ಅದಕ್ಕೇ ಮೊದಲು ಚಿಕ್ಕ ಜಾಗದಲ್ಲಿ ಮಾಡಿ ನೋಡಿದರು. ತಲೆಕೂದಲಿನ ಬಗ್ಗೆ ಹೆಚ್ಚು ಭರವಸೆ ಕೊಡಲಿಲ್ಲ. ಹಚ್ಚುವ ಮಿನಾಕ್ಸಿಡಿಲ್ ಒಂದನ್ನು ಹೇಳಿದೆ, ಆರು ತಿಂಗಳಿಗೆ ಮುಂಚೆ ಫಲ ಹುಡುಕಬೇಡಿ ಎಂದೆ, ಬಸಿರಿಗೆ ಪ್ರಯತ್ನಿಸುವ ಹೊತ್ತಿಗೆ ನಿಲ್ಲಿಸಬೇಕು ಎಂದೂ ಹೇಳಿದೆ.

ಪಿಸಿಓಎಸ್‌ಗೆಂದು ಹಲವರು ತಗೊಳ್ಳುವ ಇನಾಸಿಟಾಲ್ ಎಂಬ ಪೂರಕದ ಬಗ್ಗೆ ಆಕೆಯೇ ಕೇಳಿದಳು. ದೊಡ್ಡ ಅಪಾಯವೇನೂ ಕಂಡಿಲ್ಲ, ದೊಡ್ಡ ಲಾಭವಾಗುತ್ತದೆಂದು ಗಟ್ಟಿಯಾಗಿ ಹೇಳುವಷ್ಟು ಆಧಾರವೂ ಇಲ್ಲ. ಮೆಟ್‌ಫಾರ್ಮಿನ್ ಬದಲಿಗೆ ಅದು ಬೇಡ ಎಂದೆ.

ತೂಕದ ಮಾತನ್ನು ಕೊನೆಗಿಟ್ಟೆ, ಬೇಕೆಂದೇ. ಆಕೆ ಹಿಂದೆ ಕಂಡವರೆಲ್ಲ ಮೊದಲು ಅದನ್ನೇ ಹೇಳಿದ್ದರಂತೆ, ಆಮೇಲೆ ಬೇರೇನೂ ಹೇಳಿರಲಿಲ್ಲವಂತೆ. ಇನ್ಸುಲಿನ್ ಜಾಸ್ತಿ ಇದ್ದರೆ ತೂಕ ಏರುತ್ತದೆ, ಏರಿದ ತೂಕ ಇನ್ಸುಲಿನನ್ನು ಇನ್ನೂ ಏರಿಸುತ್ತದೆ. ಸೋಮಾರಿತನ ಎಂದು ಬೈಯುವುದರಿಂದ ಆ ಸುತ್ತು ಕಡಿಯುವುದಿಲ್ಲ. ಇಂಥದೇ ಆಹಾರಕ್ರಮ ಪಿಸಿಓಎಸ್‌ಗೆ ಒಳ್ಳೆಯದು ಎಂದು ಯಾವುದೂ ಸಾಬೀತಾಗಿಲ್ಲ. ಬಿಡದೆ ಮಾಡಲು ಆಗುವಂಥದ್ದೇ ಒಳ್ಳೆಯದು. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ ಎಂದಾಗ ಆಕೆ ಮೊದಲ ಸಲ ಬರೆದುಕೊಂಡಳು.

ಆಮೇಲೆ

ಮೆಟ್‌ಫಾರ್ಮಿನ್ 500 ಮಿಲಿಗ್ರಾಂನಿಂದ ಶುರು ಮಾಡಿ ವಾರಕ್ಕೊಂದು ಮೆಟ್ಟಿಲು ಏರಿಸಬೇಕಿತ್ತು. 1000ಕ್ಕೆ ಬಂದಾಗ ಭೇದಿ ಶುರುವಾಯಿತು. ಹತ್ತು ದಿನ ಮಾತ್ರೆ ಬಿಟ್ಟಳು, ನನಗೆ ಹೇಳಲಿಲ್ಲ. ಮೂರನೇ ತಿಂಗಳು ಮಾತ್ರೆಯ ಪಟ್ಟಿ ಉಳಿದಿದ್ದು ನೋಡಿ ಕೇಳಿದೆ. "ಬೈತೀರ ಅಂತ..." ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಿ ರಾತ್ರಿ ಊಟದ ಜೊತೆ ತಗೊಳ್ಳಲು ಹೇಳಿದ ಮೇಲೆ 1500ರವರೆಗೆ ಹೋಯಿತು. ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದು, ಅದನ್ನು ನೋಡುತ್ತಿರಬೇಕು.

ಆರನೇ ತಿಂಗಳಿಗೆ ತೂಕ 64. ಎರಡು ಗಂಟೆಯ ಸಕ್ಕರೆ 132. ಪ್ರೊಜೆಸ್ಟಿನ್ ಮಾತ್ರೆ ಬೇಕಾದದ್ದು ಒಂದೇ ಸಲ. ಉಳಿದ ಮುಟ್ಟುಗಳು 48, 41, 44 ದಿನಕ್ಕೆ ತಾವಾಗಿ ಬಂದವು. ಗಲ್ಲದ ಕೂದಲು ಪೂರ್ತಿ ಹೋಗಿರಲಿಲ್ಲ. ದಿನಾ ಕೀಳುತ್ತಿದ್ದದ್ದು ಐದು ವಾರಕ್ಕೊಮ್ಮೆ ಆಗಿತ್ತು. ಮೊಡವೆ ಹಾಗೇ ಇತ್ತು. ತಲೆಕೂದಲಿನದು ಹೇಳುವಂಥ ಬದಲಾವಣೆಯಲ್ಲ. ಮೈಗ್ರೇನ್‌ಗೆ ನರರೋಗ ತಜ್ಞರ ಚಿಕಿತ್ಸೆ ಬೇರೆ ನಡೆಯಿತು.

ಹದಿನಾಲ್ಕನೇ ತಿಂಗಳು ಇಬ್ಬರೂ ಒಟ್ಟಿಗೆ ಬಂದರು. ತೂಕ ಒಂದು ಕಿಲೋ ವಾಪಸ್ ಬಂದಿತ್ತು. ಅದನ್ನು ಆಕೆಯೇ ಮೊದಲು ಹೇಳಿ ಮುಗಿಸಿದಳು. ನಾನು ಹಳೆಯ ಚೀಟಿಯನ್ನು ಕಡತದಲ್ಲಿ ಇಟ್ಟಿದ್ದೆ, ತೆಗೆದು ಮುಂದಿಟ್ಟೆ. ಆಕೆ ಮೂರನೇ ಸಾಲಿಗೆ ಬಾಣದ ಗುರುತು ಹಾಕಿ ಮೇಲಕ್ಕೆ ಎಳೆದಳು. ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟಳು.

ಮಿನಾಕ್ಸಿಡಿಲ್ ಅಂದೇ ನಿಲ್ಲಿಸಿದ್ದೇವೆ. ಫೋಲಿಕ್ ಆಮ್ಲ ಶುರುವಾಗಿದೆ. ಸಕ್ಕರೆ, ಬಿಪಿ ಮತ್ತೆ ನೋಡಿದ್ದಾಯಿತು. ಮುಟ್ಟು 38 ದಿನಕ್ಕೊಮ್ಮೆ ಬರುತ್ತಿದೆ, ಕೆಲವು ಸಲ ಅಂಡಾಣು ಹೊರಬರುತ್ತಿರಬಹುದು. ಬೇಕಾದರೆ ಮೊದಲು ಅಂಡಾಣು ಹೊರಬರಲು ನೆರವಾಗುವ ಲೆಟ್ರೊಜೋಲ್ ಮಾತ್ರೆ, ಮುಟ್ಟಿನ ಮೂರನೇ ದಿನದಿಂದ ಐದು ದಿನ. ಮೊದಲೆಲ್ಲ ಕ್ಲೋಮಿಫೀನ್ ಕೊಡುತ್ತಿದ್ದೆವು. 2014ರಲ್ಲಿ 750 ಹೆಂಗಸರ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ ಬಂತು. ಲೆಟ್ರೊಜೋಲ್ ತಗೊಂಡವರಲ್ಲಿ ನೂರಕ್ಕೆ 27.5 ಜನರಿಗೆ ಮಗುವಾಯಿತು, ಕ್ಲೋಮಿಫೀನ್ ತಗೊಂಡವರಲ್ಲಿ 19.1. ಆಮೇಲೆ ನಮ್ಮ ಅಭ್ಯಾಸ ಬದಲಾಯಿತು. ಬಸಿರಿನಲ್ಲಿ ಕೊಡಬಾರದ ಮಾತ್ರೆ ಲೆಟ್ರೊಜೋಲ್. ಹಾಗಾಗಿ ಪ್ರತಿ ಸಲವೂ ಮೊದಲು ಬಸಿರು ಪರೀಕ್ಷೆ.

"ಇವತ್ತೇ ಬರೆದುಕೊಡಿ ಮೇಡಂ" ಎಂದಳು.

ಗಂಡನ ವೀರ್ಯ ಪರೀಕ್ಷೆ ಇನ್ನೂ ಆಗಿರಲಿಲ್ಲ. ಹೆಂಡತಿಗೆ ಪಿಸಿಓಎಸ್ ಎಂಬ ಹೆಸರು ಸಿಕ್ಕ ಮೇಲೆ ಗಂಡನನ್ನು ಪರೀಕ್ಷಿಸುವುದು ಎಲ್ಲರಿಗೂ ಮರೆತುಹೋಗುತ್ತದೆ. ತಿಂಗಳುಗಟ್ಟಲೆ ಆಕೆ ಮಾತ್ರೆ ನುಂಗಿದ ಮೇಲೆ ತೊಂದರೆ ಅವರಲ್ಲೂ ಇತ್ತು ಎಂದು ಗೊತ್ತಾಗುವುದುಂಟು. ಅವರಿಗೆ ಲ್ಯಾಬಿನ ಚೀಟಿ ಬರೆದುಕೊಟ್ಟೆ. ಎರಡರಿಂದ ಏಳು ದಿನ ಸಂಪರ್ಕ ಬಿಟ್ಟು ಮಾದರಿ ಕೊಡಬೇಕು ಎಂದೆ. ಅವರು ಸ್ವಲ್ಪ ಕೆಂಪಾದರು, ಚೀಟಿ ಜೇಬಿಗೆ ಇಟ್ಟುಕೊಂಡರು. ವರದಿ ಇನ್ನೂ ಬಂದಿಲ್ಲ. ಲೆಟ್ರೊಜೋಲ್ ನಾನಿನ್ನೂ ಬರೆದಿಲ್ಲ.